ಪರದೆ ಮೇಲಿನ ಕಾಕಾ ಯಾಕೆ ಒದ್ದಾಡೋದಿಲ್ಲ?

2016ರ ನವೆಂಬರಿನಲ್ಲಿ ‘ವೆಂಟಿಲೇಟರ್’ ಅಂತ ಒಂದು ಮರಾಠಿ ಸಿನಿಮಾ ಬಂತು. ನಿರ್ದೇಶನ ರಾಜೇಶ್ ಮಾಪುಸ್ಕರ್, ನಿರ್ಮಾಣ ಪ್ರಿಯಾಂಕಾ ಚೋಪ್ರಾ. ಮರುವರ್ಷ ಅದಕ್ಕೆ ಮೂರು ರಾಷ್ಟ್ರಪ್ರಶಸ್ತಿ ಸಿಕ್ಕವು: ನಿರ್ದೇಶನಕ್ಕೊಂದು, ಸಂಕಲನಕ್ಕೊಂದು, ಶಬ್ದ ಸಂಯೋಜನೆಗೊಂದು. ಬೆಂಗಳೂರಿನ ಗೆಳೆಯರಿಗೆ ಇದು ಸಬ್‌ಟೈಟಲ್ ಹಾಕಿಕೊಂಡು ನೋಡೋ ಪರಭಾಷಾ ಚಿತ್ರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ಹಾಗಲ್ಲ. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ, ಕಾಗವಾಡದವರಿಗೆ ಮಿರಜ ಅಂದ್ರೆ ಪಕ್ಕದ ಓಣಿ ಇದ್ದ ಹಾಗೆ. ಸಿನಿಮಾಕ್ಕೂ ಅಲ್ಲಿಗೇ ಹೋಗ್ತೀವಿ, ಆಸ್ಪತ್ರೆಗೂ ಅಲ್ಲಿಗೇ.

ಕತೆ ಸರಳ. ಗಣೇಶನ ಹಬ್ಬ ಇನ್ನೇನು ಬಂತು ಅನ್ನುವಾಗ ಮನೆಯ ಹಿರಿಯ ಕಾಕಾ ಕೋಮಾಕ್ಕೆ ಹೋಗ್ತಾರೆ, ಅವರನ್ನು ವೆಂಟಿಲೇಟರ್ ಮೇಲೆ ಇಡ್ತಾರೆ. ಕೊಂಕಣದ ಊರಿಂದ ನೆಂಟರ ದಂಡೇ ಬಂದು ಆಸ್ಪತ್ರೆಯಲ್ಲಿ ಬೀಡುಬಿಡುತ್ತೆ. ಹಳೇ ಜಗಳ, ಆಸ್ತಿ, ಅಪ್ಪ-ಮಗನ ನಡುವೆ ವರ್ಷಗಟ್ಟಲೆ ಆಡದೇ ಉಳಿದ ಮಾತು, ಕೊನೆಗೆ ಮಷಿನ್ ತೆಗೆಯೋದಾ ಬೇಡವಾ ಅನ್ನೋ ಪ್ರಶ್ನೆ. ಒಳ್ಳೇ ಸಿನಿಮಾ, ಅನುಮಾನವೇ ಇಲ್ಲ. ಅದರಲ್ಲಿರೋ ಗದ್ದಲವನ್ನು ನಮ್ಮ ಗಡಿಯ ಯಾವ ಐಸಿಯು ಮುಂದೆಯಾದ್ರೂ ನೋಡಬಹುದು. 1894ರಲ್ಲಿ ವಾನ್ಲೆಸ್ ಸಾಹೇಬರು ಮಿರಜದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಾಗಿಂದ ಈ ಕಡೆಯ ಜನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗ್ತಾನೇ ಇದಾರೆ. ರಾಯಬಾಗ, ಕುಡಚಿ, ಉಗಾರದಲ್ಲಿ ರೈಲು ಹತ್ತಿದ್ರೆ ಸೀದಾ ಮಿರಜ. ಬೆಂಚಿನ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಂಬಳಿ, ಮೊಬೈಲ್ ಚಾರ್ಜರಿಗೆ ಜಗಳ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ.

ನನ್ನ ತಕರಾರು ಬೇರೆ. ವೆಂಟಿಲೇಟರ್ ಅಂತಲೇ ಹೆಸರಿರೋ ಸಿನಿಮಾದಲ್ಲಿ ವೆಂಟಿಲೇಟರ್ ಬರೀ ಪೀಠೋಪಕರಣ. ಬಾಗಿಲ ಹೊರಗಿನವರೆಲ್ಲ ಪಾತ್ರಗಳು. ಒಳಗೆ ಮಲಗಿರೋ ಕಾಕಾ ಪಾತ್ರವಲ್ಲ, ಒಂದು ನೆಪ. ಅವರು ಸುಮ್ಮನೆ ಮಲಗಿರ್ತಾರೆ, ಮಷಿನ್ ಅವರ ಪರವಾಗಿ ಉಸಿರಾಡ್ತಿರುತ್ತೆ. ಕೋಮಾದಲ್ಲಿರೋರು ಸುಮ್ಮನೆ ಮಲಗದೆ ಇನ್ನೇನು ಮಾಡ್ತಾರಪ್ಪಾ ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಆದ್ರೆ ನಮ್ಮ ಪರದೆಯ ಮೇಲೆ ವೆಂಟಿಲೇಟರ್ ಹಾಕಿಸಿಕೊಂಡವರೆಲ್ಲ ಹೀಗೇ ಮಲಗಿರ್ತಾರೆ. ಸೀರಿಯಲ್ಲುಗಳನ್ನು ಬಿಡಿ, ಅಲ್ಲಿ ಆಕ್ಸಿಜನ್ ಮಾಸ್ಕು ಹಾಕಿಕೊಂಡೇ ಎರಡು ಪುಟದ ಡೈಲಾಗ್ ಹೇಳ್ತಾರೆ.

ಇನ್ನೊಂದು ಕಡೆ ‘ರಮಣ’ದ ವಂಶಾವಳಿ ಇದೆ. ತಮಿಳಿನಲ್ಲಿ 2002ರಲ್ಲಿ ಮುರುಗದಾಸ್ ಮಾಡಿದ್ದು. ತೆಲುಗಿನಲ್ಲಿ ಚಿರಂಜೀವಿಯ ‘ಟಾಗೋರ್’, ಕನ್ನಡದಲ್ಲಿ ವಿಷ್ಣುವರ್ಧನ್ ಅವರ ‘ವಿಷ್ಣುಸೇನಾ’, ಹಿಂದಿಯಲ್ಲಿ 2015ರ ‘ಗಬ್ಬರ್ ಈಸ್ ಬ್ಯಾಕ್’. ಆಗಲೇ ಸತ್ತಿರೋ ಮನುಷ್ಯನಿಗೆ ಆಸ್ಪತ್ರೆಯವರು ಚಿಕಿತ್ಸೆ ಮಾಡಿದ ಹಾಗೆ ನಟಿಸಿ ಬಿಲ್ಲು ಹಾಕೋ ದೃಶ್ಯದ ತುಣುಕು ಇವತ್ತಿಗೂ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತೆ. ಆಸ್ಪತ್ರೆಗಳ ದುಡ್ಡಿನ ಹಪಾಹಪಿ ಸುಳ್ಳಂತ ನಾನು ಹೇಳ್ತಿಲ್ಲ. ಆದ್ರೆ ಆ ದೃಶ್ಯ ಊರೂರಿಗೆ ಒಂದು ನಂಬಿಕೆ ಹಂಚಿತು: ‘ಮಷಿನ್ ಮ್ಯಾಲೆ ಇಟ್ಟಾರ’ ಅಂದ್ರೆ ಮುಗೀತು, ಇನ್ನೇನಿದ್ರೂ ಬಿಲ್ಲಿನ ಆಟ.

ಮರಾಠಿ ಸಿನಿಮಾ ಸಂಭಾವಿತ, ‘ರಮಣ’ ಸಿಟ್ಟಿನದ್ದು. ಎರಡೂ ಒಂದೇ ಚಿತ್ರ ಕೊಡುತ್ತವೆ: ಮಷಿನ್ ಕೆಲಸ ಮಾಡುತ್ತೆ, ದೇಹ ಸುಮ್ಮನಿರುತ್ತೆ. ನಿಜವಾದ ಐಸಿಯುನಲ್ಲಿ ಎಷ್ಟೋ ಸಲ ಇದರ ಉಲ್ಟಾ ನಡೆಯುತ್ತೆ.

ಈ ಸಿನಿಮಾಗಳಲ್ಲಿ ಇಲ್ಲದ ಒಂದು ದೃಶ್ಯವನ್ನು ನಾನೇ ಹೇಳ್ತೀನಿ, ಕಲ್ಪಿಸಿಕೊಳ್ಳಿ. ನಿಪ್ಪಾಣಿ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ. ಅರ್ಧ ಆಯುಷ್ಯ ಒಲೆಯ ಹೊಗೆ, ಇನ್ನರ್ಧ ಬೀಡಿ ಕಟ್ಟುವಾಗಿನ ತಂಬಾಕಿನ ಧೂಳು. ಚಳಿಗಾಲದಲ್ಲಿ ದಮ್ಮು ಹತ್ತಿ ರಾತ್ರೋರಾತ್ರಿ ಆಸ್ಪತ್ರೆಗೆ ತರ್ತಾರೆ, ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸ್ತಾರೆ. ಬೆಳಿಗ್ಗೆ ಭೇಟಿಯ ಹೊತ್ತಿಗೆ ಮಗ ಒಳಗೆ ಹೋಗಿ ನೋಡ್ತಾನೆ: ಅವ್ವನ ಎರಡೂ ಕೈ ಗಾಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದೆ, ಕತ್ತಿನ ನರ ಸೆಟೆದಿದೆ, ಹೊಟ್ಟೆ ಒಂದು ಕಡೆ ಎಳೆದ್ರೆ ಎದೆ ಇನ್ನೊಂದು ಕಡೆ. ಮಷಿನ್ ಕಿರುಚ್ತಾ ಇದೆ.

‘ಡಾಕ್ಟರ್ರ, ನಮ್ಮವ್ವ ಯಾಕ ಹಿಂಗ ಒದ್ದಾಡಾಕತ್ತಾಳ್ರೀ?’

‘ಪೇಷಂಟ್ ಮಷಿನ್ ಜೋಡಿ ಫೈಟ್ ಮಾಡಾಕತ್ತಾರ್ರೀ. ನಿದ್ದಿ ಇಂಜೆಕ್ಷನ್ ಕೊಡ್ತೀವಿ, ಸುಮ್ಮನಾಗ್ತಾರ.’

ಹೊರಗೆ ಬಂದ ಮಗನ ಮುಂದೆ ಎರಡೇ ಅರ್ಥ ಇರುತ್ತವೆ. ಒಂದು, ಅವ್ವ ಸಾಯ್ತಿದ್ದಾಳೆ, ಆ ಒದ್ದಾಟ ನೋಡೋಕಾಗಲ್ಲ, ತೆಗೆಸಿ ಮನೆಗೆ ಕರ್ಕೊಂಡು ಹೋಗೋಣ, ತಲಬಾಗಿಲ ಮುಂದೆ ಜೀವ ಹೋಗ್ಲಿ. ಇನ್ನೊಂದು, ಇವರು ಸುಳ್ಳೇ ಹಿಂಸೆ ಕೊಡ್ತಿದ್ದಾರೆ. ಮೊದಲನೆಯದು ಆಂಬುಲೆನ್ಸಿನಲ್ಲಿ ಮುಗಿಯುತ್ತೆ, ಎರಡನೆಯದು ಡಾಕ್ಟರ ಕಾಲರ್ ಹಿಡಿಯೋದರಲ್ಲಿ. ಮೂರನೇ ಅರ್ಥವೊಂದಿದೆ, ಅದನ್ನು ಯಾರೂ ಹೇಳೋದಿಲ್ಲ. ಅವ್ವ ಉಸಿರು ಕೇಳ್ತಿದ್ದಾಳೆ, ಮಷಿನ್‌ಗೆ ಕೇಳಿಸ್ತಿಲ್ಲ.

ಇದು ಅಲಂಕಾರದ ಮಾತಲ್ಲ, ಯಂತ್ರದ ಕೆಲಸವೇ ಹಾಗಿದೆ. ನೀವು ನಾವು ಉಸಿರು ಎಳೆದುಕೊಳ್ತೀವಿ. ವಪೆ ಕೆಳಗಿಳಿಯುತ್ತೆ, ಎದೆಯೊಳಗೆ ಒತ್ತಡ ಕಡಿಮೆಯಾಗುತ್ತೆ, ಗಾಳಿ ತಾನಾಗೇ ಬರುತ್ತೆ. ವೆಂಟಿಲೇಟರ್ ಗಾಳಿಯನ್ನು ಒಳಗೆ ತಳ್ಳುತ್ತೆ. ರೋಗಿ ಸ್ವಂತ ಪ್ರಯತ್ನ ಮಾಡ್ತಿದ್ರೆ ಯಂತ್ರ ಅದನ್ನು ಗುರುತಿಸಿ ಆ ಹೊತ್ತಿಗೇ ಗಾಳಿ ಕೊಡಬೇಕು. ಕೊಳವೆಯಲ್ಲಿ ಒತ್ತಡ ನೀರಿನ ಸುಮಾರು 2 ಸೆಂಟಿಮೀಟರಿನಷ್ಟು ಇಳಿದ್ರೆ ಅಥವಾ ಗಾಳಿಯ ಹರಿವು ಇಷ್ಟು ಬದಲಾದ್ರೆ ‘ಓ, ಕೇಳ್ತಿದ್ದಾರೆ’ ಅಂತ ಅದಕ್ಕೆ ತಿಳಿಯೋ ಹಾಗೆ ಹೊಂದಿಸಿರ್ತಾರೆ. ಯಾವಾಗ ಕೊಡಬೇಕು, ಎಷ್ಟು ವೇಗದಲ್ಲಿ, ಯಾವಾಗ ನಿಲ್ಲಿಸಬೇಕು, ಈ ಮೂರರಲ್ಲಿ ಎಲ್ಲಿ ತಪ್ಪಿದ್ರೂ ತಾಳ ತಪ್ಪುತ್ತೆ. ವೈದ್ಯರು ಇದನ್ನು ಅಸಿಂಕ್ರೊನಿ ಅಂತಾರೆ. ನಮ್ಮ ಊರಿನ ಭಜನಾ ಮಂಡಳಿಯಲ್ಲಿ ಕೂತವರಿಗೆ ಬೇರೆ ವಿವರಣೆ ಬೇಡ: ಸಾಥ್ ಕೊಡೋನು ಹಾಡೋನ ಹಿಂದೆ ಹೋಗಬೇಕು. ತಬಲಾದವನು ತನ್ನ ಪಾಡಿಗೆ ತಾನು ಬಾರಿಸ್ತಾ ಕೂತ್ರೆ, ಹಾಡೋನು ತಾಳಕ್ಕೆ ಹೊಂದ್ಕೊಳ್ತಿಲ್ಲ ಅಂತ ಯಾರೂ ಬೈಯೋದಿಲ್ಲ.

ನಿಪ್ಪಾಣಿಯ ಆ ಅಜ್ಜಿಯ ಕಾಯಿಲೆಯಲ್ಲಿ, ಅಂದ್ರೆ ಸಿಒಪಿಡಿಯಲ್ಲಿ, ತೊಂದರೆ ಇನ್ನೂ ಸೂಕ್ಷ್ಮ. ಇಂಥವರ ಶ್ವಾಸಕೋಶಕ್ಕೆ ಗಾಳಿ ಹೋಗುತ್ತೆ, ಪೂರ್ತಿ ಹೊರಗೆ ಬರೋಕೆ ಸಮಯ ಬೇಕು. ಬರೋಕೆ ಮುಂಚೆ ಮಷಿನ್ ಮತ್ತೊಂದು ಉಸಿರು ತಳ್ಳಿದ್ರೆ ಗಾಳಿ ಒಳಗೇ ಸಿಕ್ಕಿಕೊಂಡು ಒತ್ತಡ ಕೂಡುತ್ತಾ ಹೋಗುತ್ತೆ. ಒಳಗೆ 8 ಸೆಂಟಿಮೀಟರ್ ಒತ್ತಡ ಕೂಡಿದೆ ಅಂದ್ಕೊಳ್ಳಿ. ಈಗ ಮಷಿನ್‌ಗೆ ತನ್ನ ಪ್ರಯತ್ನ ಕಾಣಿಸಬೇಕಾದ್ರೆ ಅಜ್ಜಿ ಮೊದಲು ಆ 8ನ್ನು ಎಳೆದು ಸೊನ್ನೆ ಮಾಡಬೇಕು, ಆಮೇಲೆ ಇನ್ನೆರಡು. ನೀರು ಹತ್ತು ಮೊಳ ಕೆಳಗಿರೋ ಬಾವಿಗೆ ಎಂಟು ಮೊಳದ ಹಗ್ಗ ಬಿಟ್ಟ ಹಾಗೆ: ತೋಳು ಸೋಲುತ್ತೆ, ಕೊಡ ಒಣಗೇ ಮೇಲೆ ಬರುತ್ತೆ. ಹೀಗೆ ವ್ಯರ್ಥವಾಗಿ ಹೋಗೋ ಉಸಿರುಗಳನ್ನು ಮಷಿನ್ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಪರದೆಯ ಮೇಲೆ ನಿಮಿಷಕ್ಕೆ 16 ಉಸಿರು ಅಂತ ಇರುತ್ತೆ, ಎದೆ ನೋಡಿದ್ರೆ 28 ಸಲ ಎಳೀತಿರುತ್ತೆ. ಪರದೆ ನೋಡಿದ ಡಾಕ್ಟರ್ ‘ಸ್ಟೇಬಲ್’ ಅಂತಾರೆ, ಅವ್ವನ ಮುಖ ನೋಡಿದ ಮಗ ಅಳ್ತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಇದರ ವಿರುದ್ಧದ ತಪ್ಪೂ ಇದೆ. ರೋಗಿಗೆ ಇನ್ನೂ ಗಾಳಿ ಬೇಕು ಅನ್ನುವಾಗಲೇ ಮಷಿನ್ ನಿಲ್ಲಿಸಿಬಿಟ್ಟರೆ, ಅವರು ಎಳೀತಾನೇ ಇರ್ತಾರೆ, ಅದನ್ನೇ ಹೊಸ ಬೇಡಿಕೆ ಅಂದುಕೊಂಡು ಮಷಿನ್ ಒಂದರ ಮೇಲೊಂದು ಎರಡು ಉಸಿರು ತುಂಬುತ್ತೆ. ಎತ್ತರದ ಲೆಕ್ಕದಲ್ಲಿ 50 ಕಿಲೋ ತೂಗಬೇಕಾದ ಮನುಷ್ಯನಿಗೆ ಡಾಕ್ಟರ್ ಜಾಗ್ರತೆಯಿಂದ 300 ಮಿಲಿಲೀಟರ್ ಇಟ್ಟಿರ್ತಾರೆ, ಕಿಲೋಗೆ 6ರಂತೆ. ಜೋಡಿ ಉಸಿರು ಬಿದ್ದಾಗ ಒಳಗೆ ಹೋಗೋದು 600ರ ಹತ್ತಿರ, ಕಿಲೋಗೆ 12. ಈ ಎರಡು ಅಂಕಿಗಳನ್ನೇ ಹೋಲಿಸಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನ 2000ದಲ್ಲಿ ಬಂತು: 12ರ ಗುಂಪಿನಲ್ಲಿ ಸುಮಾರು ಶೇ. 40 ಮಂದಿ ತೀರಿಕೊಂಡರು, 6ರ ಗುಂಪಿನಲ್ಲಿ ಶೇ. 31. ಚೀಟಿಯಲ್ಲಿ 6 ಅಂತ ಬರೆದಿರುತ್ತೆ, ಎದೆಗೆ ಆಗಾಗ 12 ಹೋಗ್ತಿರುತ್ತೆ.

ತಾಳ ತಪ್ಪೋದು ಅಪರೂಪವೂ ಅಲ್ಲ. 2006ರಲ್ಲಿ ಫ್ರಾನ್ಸಿನ ತಂಡವೊಂದು 62 ರೋಗಿಗಳನ್ನು ಗಮನಿಸಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹತ್ತು ಉಸಿರಿನಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿತ್ತು. 2015ರಲ್ಲಿ ಸ್ಪೇನಿನವರು 50 ರೋಗಿಗಳ 87 ಲಕ್ಷಕ್ಕೂ ಹೆಚ್ಚು ಉಸಿರುಗಳನ್ನು ಕಂಪ್ಯೂಟರಿನಲ್ಲಿ ಎಣಿಸಿದರು. ತಾಳ ತಪ್ಪದ ರೋಗಿ ಒಬ್ಬರೂ ಇರಲಿಲ್ಲ, ಹೆಚ್ಚು ತಪ್ಪಿದವರ ಗುಂಪಿನಲ್ಲಿ ಸಾವು ಹೆಚ್ಚಿತ್ತು. ಅದರಿಂದಲೇ ಸತ್ತರು ಅಂತ ಇದರ ಅರ್ಥವಲ್ಲ. ಕಾಯಿಲೆ ಜೋರಿದ್ದವರಿಗೇ ತಾಳ ಹೆಚ್ಚು ತಪ್ಪಿರಬಹುದು. ಐವತ್ತು ಮಂದಿಯ ಲೆಕ್ಕಕ್ಕೆ ಅಷ್ಟೇ ತೂಕ ಕೊಡಬೇಕು. ನನ್ನನ್ನು ಹೆಚ್ಚು ಕಾಡಿದ್ದು 2011ರ ಇಟಲಿಯ ಅಧ್ಯಯನ. ಮಷಿನ್ ಪರದೆಯ ಅಲೆಗಳನ್ನು ನೋಡಿ ತಪ್ಪಿದ ಉಸಿರು ಯಾವುದು ಹೇಳಿ ಅಂದ್ರೆ, ನುರಿತ ತಜ್ಞರೇ ಮೂರರಲ್ಲಿ ಒಂದನ್ನೂ ಪೂರ್ತಿ ಹಿಡಿಯಲಿಲ್ಲ. ತಜ್ಞರ ಪಾಡೇ ಇದಾದ್ರೆ, ರಾತ್ರಿ ಪಾಳಿಯಲ್ಲಿ ಹತ್ತು ಮಂಚ ನೋಡ್ಕೊಳ್ಳೋ ಒಬ್ಬ ಡ್ಯೂಟಿ ಡಾಕ್ಟರ್ ಏನು ಮಾಡಿಯಾರು?

ಅವರು ಮಾಡೋದು ನಿದ್ದೆ ಇಂಜೆಕ್ಷನ್. ‘ಫೈಟ್ ಮಾಡ್ತಿದ್ದಾರೆ’ ಅನ್ನೋ ಮಾತನ್ನು ಇನ್ನೊಂದು ಸಲ ಕೇಳಿ ನೋಡಿ. ತಪ್ಪು ಯಾರದ್ದಾಯ್ತು? ರೋಗಿಯದ್ದು. ಮಷಿನ್ ಸರಿ ಇದೆ, ಇವರೇ ಹೊಂದ್ಕೊಳ್ತಿಲ್ಲ, ಇವರನ್ನೇ ಸುಮ್ಮನಾಗಿಸೋಣ. ಇದು ಬರೀ ನಮ್ಮ ಕಡೆಯ ಡಾಕ್ಟರ ಮಾತಲ್ಲ, ಜಗತ್ತಿನ ಐಸಿಯುಗಳೆಲ್ಲ ಆಡೋ ಮಾತು. ಕೆಲವು ಸಲ ಮಂಪರು ಬೇಕೇ ಬೇಕು. ಶ್ವಾಸಕೋಶ ಪೂರ್ತಿ ಕೆಟ್ಟಾಗ ಸ್ನಾಯುಗಳನ್ನೇ ಸಡಿಲಿಸೋ ಔಷಧಿಯನ್ನೂ ಕೊಡ್ತಾರೆ. ಅದರಿಂದ ಜೀವ ಉಳಿಯುತ್ತೆ ಅಂತ 2010ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು, ಅಂಥ ವ್ಯತ್ಯಾಸ ಕಾಣಲಿಲ್ಲ ಅಂತ 2019ರಲ್ಲಿ ಇನ್ನೊಂದು. ಜಗಳ ಮುಗಿದಿಲ್ಲ. ಆದ್ರೆ ಮಂಪರಿಗೆ ಬೆಲೆ ಇದೆ ಅನ್ನೋದು ಹಳೇ ವಿಷಯ. ದಿನಕ್ಕೊಮ್ಮೆ ನಿದ್ದೆ ಔಷಧಿ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದಾಗ ವೆಂಟಿಲೇಟರ್ ದಿನಗಳು ಏಳು ಚಿಲ್ಲರೆಯಿಂದ ಐದರ ಹತ್ತಿರಕ್ಕೆ ಇಳಿದದ್ದನ್ನು 2000ದಲ್ಲೇ ಶಿಕಾಗೋದವರು ತೋರಿಸಿದ್ದರು. ಐಸಿಯುನ ಎರಡು ದಿನ ಅಂದ್ರೆ ಅಥಣಿಯ ಒಬ್ಬ ಕಬ್ಬಿನ ರೈತನಿಗೆ ಎಷ್ಟು ಟನ್ ಕಬ್ಬು ಅಂತ ನೀವೇ ಲೆಕ್ಕ ಹಾಕಿ.

ಅಜ್ಜಿಗೆ ಬೇಕಿದ್ದದ್ದು ಬಹುಶಃ ನಿದ್ದೆಯಲ್ಲ. ಪ್ರತಿ ಉಸಿರಿಗೆ ಸ್ವಲ್ಪ ಕಡಿಮೆ ಗಾಳಿ, ಹೊರಗೆ ಬಿಡೋಕೆ ಸ್ವಲ್ಪ ಹೆಚ್ಚು ಹೊತ್ತು, ಒತ್ತಡದ ಗುಂಡಿಯನ್ನು ಒಂಚೂರು ಆ ಕಡೆ ಈ ಕಡೆ. ಬೆಂಬಲ ಕಡಿಮೆ ಮಾಡಿದ್ರೇ ಇಂಥವರ ವ್ಯರ್ಥ ಉಸಿರು ಕಡಿಮೆಯಾಗುತ್ತೆ ಅನ್ನೋದು ಸಾಬೀತಾಗಿದೆ. ಔಷಧಿ ಖರ್ಚಿಲ್ಲ, ಹೊಸ ಮಷಿನ್ ಬೇಕಿಲ್ಲ. ಮಂಚದ ಪಕ್ಕ ಒಬ್ಬರು ನಿಂತು, ಪರದೆಯನ್ನೂ ಎದೆಯನ್ನೂ ಒಟ್ಟಿಗೆ ನೋಡಬೇಕು, ಅಷ್ಟೇ. ಆ ‘ಅಷ್ಟೇ’ನೇ ದುಬಾರಿ.

ಎಲ್ಲರೂ ಉಸಿರು ಕೇಳೋ ಸ್ಥಿತಿಯಲ್ಲಿ ಇರೋದೂ ಇಲ್ಲ. ಕಟ್ಟುಹಾವು ಕಚ್ಚಿದ ಹುಡುಗನ ಸ್ನಾಯುಗಳು ನಂಜಿಗೆ ನಿಶ್ಚಲ; ಒಳಗೆ ಎಚ್ಚರ ಇದ್ರೂ ರೆಪ್ಪೆ ಎತ್ತೋಕಾಗಲ್ಲ. ಅವನೇ ನಮ್ಮ ಸಿನಿಮಾದ ಕಾಕಾನ ಹಾಗೆ ಸುಮ್ಮನೆ ಮಲಗಿರೋನು, ಮತ್ತು ಹೆಚ್ಚಾಗಿ ಎದ್ದು ಮನೆಗೆ ನಡೆದು ಹೋಗೋನೂ ಅವನೇ, ಮಷಿನ್‌ಗೆ ಬೇಗ ಸೇರಿಸಿದ್ರೆ. ಸುಮ್ಮನಿದ್ದಾನೆ ಅಂದ್ರೆ ಹೋದ ಅಂತ ಅಲ್ಲ, ಒದ್ದಾಡ್ತಿದ್ದಾಳೆ ಅಂದ್ರೆ ಹೋಗ್ತಿದ್ದಾಳೆ ಅಂತಲೂ ಅಲ್ಲ. ‘ರಮಣ’ದ ಸಂಶಯ ಇರೋರಿಗೆ ಇನ್ನೊಂದು ಮಾತು. ಮೆದುಳು ಸತ್ತಿದೆಯಾ ಅಂತ ನಿರ್ಧರಿಸೋ ಪರೀಕ್ಷೆಗಳಲ್ಲಿ ಮುಖ್ಯವಾದದ್ದೇ, ಮಷಿನ್ ಕೆಲಹೊತ್ತು ಬಿಡಿಸಿ ದೇಹ ತಾನಾಗಿ ಒಂದಾದ್ರೂ ಉಸಿರು ಎಳೆಯುತ್ತಾ ಅಂತ ಕಾಯೋದು. ಮಷಿನ್ ವಿರುದ್ಧ ಎಳೀತಿರೋ ಎದೆ ಬದುಕಿದೆ.

ನಮ್ಮ ದೇಶದ ಕೋವಿಡ್ ಕತೆಗೂ ಇದೇ ವಿಮರ್ಶೆ ಹೊಂದುತ್ತೆ. 2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್‌ನಿಂದ 50,000 ವೆಂಟಿಲೇಟರಿಗೆ 2,000 ಕೋಟಿ ರೂಪಾಯಿ ಅಂತ ಘೋಷಣೆಯಾಯ್ತು. ಬಿಇಎಲ್‌ಗೆ 30,000ದ ಆರ್ಡರ್, ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ. ಕನ್ನಡಿಗರಿಗೆ ಹೆಮ್ಮೆಯ ವಿಷಯವೇ, ಅಷ್ಟು ಬೇಗ ಅಷ್ಟು ಯಂತ್ರ ಮಾಡೋದು ಸಣ್ಣ ಕೆಲಸವಲ್ಲ. ಕೊಗನೋಳಿಯ ಚೆಕ್‌ಪೋಸ್ಟಿನಲ್ಲಿ ವರದಿ ಹಿಡ್ಕೊಂಡು ಸಾಲು ನಿಂತಿದ್ದ ದಿನಗಳಲ್ಲಿ ನಾವೆಲ್ಲ ಟಿವಿಯಲ್ಲಿ ನೋಡ್ತಿದ್ದದ್ದು ಒಂದೇ ಅಂಕಿ: ಯಾವ ಜಿಲ್ಲೆಗೆ ಎಷ್ಟು ವೆಂಟಿಲೇಟರ್. ಅದನ್ನು ನಡೆಸೋಕೆ ಎಷ್ಟು ಜನ ಅಂತ ಯಾವ ಆಂಕರೂ ಕೇಳಲಿಲ್ಲ. ನಡೆಸೋರಿಲ್ಲದೆ ಪೆಟ್ಟಿಗೆಯಲ್ಲೇ ಉಳಿದ ಯಂತ್ರಗಳ ಸುದ್ದಿ 2021ರಲ್ಲಿ ದೇಶದ ಹಲವು ಕಡೆಯಿಂದ ಬಂತು. ಸಾಫ್ಟ್‌ವೇರ್ ಗೆಳೆಯರು ಇಷ್ಟೊತ್ತಿಗೆ ‘ಎಐ ಹಾಕಿದ್ರೆ ಆಯ್ತಲ್ಲ’ ಅಂತ ಗೊಣಗ್ತಿರೋದು ನಂಗೆ ಕೇಳಿಸ್ತಿದೆ. ಹಾಕಿ, ಬೇಡ ಅಂದೋರ್ಯಾರು? ಅಲಾರಂ ಹೊಡೆದಾಗ ಎದ್ದು ಬರೋರನ್ನೂ ಜತೆಗೆ ಕೊಡಿ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಯಂತ್ರಗಳು ಸಾಲಲಿಲ್ಲ. ಮೊದಲ ಮೂರು ವಾರ ಹಳೇ ಯಂತ್ರಗಳಲ್ಲಿಟ್ಟ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ವೈದ್ಯ ಗಂಟಲಿಗೆ ಕೊಳವೆ ಹಾಕಿ ರಬ್ಬರ್ ಚೀಲ ಹಿಂಡೋ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಮೇಲೆ, ವಾರಗಟ್ಟಲೆ, ಕೈಯಿಂದಲೇ ಉಸಿರು ಕೊಟ್ಟರು. ಸಾವು ಇಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದೇ ಅಲ್ಲಿಂದ ಅಂತಾರೆ. ನನಗೆ ಅದರಲ್ಲಿ ಕಾಣೋದು ಆ ಕೈಗಳು. ಚೀಲ ಹಿಂಡೋ ಕೈಗೆ ಗೊತ್ತಾಗುತ್ತೆ, ಆ ಕಡೆಯಿಂದ ಮಗು ಎಳೀತಿದೆಯಾ, ತಡೀತಿದೆಯಾ. ನಮ್ಮ ಕಡೆ ಆಂಬುಲೆನ್ಸಿನಲ್ಲಿ ಅಂಬು ಬ್ಯಾಗ್ ಒತ್ತಿದ ಅಣ್ಣತಮ್ಮಂದಿರನ್ನು ಕೇಳಿ, ಅವರೂ ಇದನ್ನೇ ಹೇಳ್ತಾರೆ.

ಭಾಷೆಯದ್ದೂ ಒಂದು ಮಾತಿದೆ, ಗಡಿಯವರಿಗೆ ಮಾತ್ರ ಪೂರ್ತಿ ಗೊತ್ತಾಗೋದು. ಅರೆಮಂಪರಿನಲ್ಲಿರೋರಿಗೆ ‘ಹೆದರಬ್ಯಾಡ್ರಿ, ನಿಧಾನಕ್ಕ ಉಸಿರು ತಗೋಳ್ರಿ, ಮಷಿನ್ ಕೊಡತೈತಿ’ ಅಂತ ಹೇಳೋದೂ ಚಿಕಿತ್ಸೆಯೇ. ಹೆದರಿದ ಎದೆ ಜೋರಾಗಿ ಎಳೆಯುತ್ತೆ, ತಾಳ ಇನ್ನಷ್ಟು ತಪ್ಪುತ್ತೆ. ನಿಪ್ಪಾಣಿಯವರಿಗೆ ‘ಶ್ವಾಸ ಘ್ಯಾ’ ಅಂದ್ರೆ ತಿಳಿಯುತ್ತೆ. ರಾಯಬಾಗದ ಹಳ್ಳಿಯ ಮುದುಕಿಗೆ, ಕಣ್ಣು ಅರ್ಧ ಮುಚ್ಚಿರುವಾಗ, ಆ ಮರಾಠಿ ಎಷ್ಟು ಒಳಗೆ ಇಳಿದೀತು? ಮಗಳನ್ನು ಐದು ನಿಮಿಷ ಒಳಗೆ ಬಿಟ್ಟು ಅವಳ ಮಾತಿನಲ್ಲಿ ಹೇಳಿಸೋ ಐಸಿಯುಗಳಿವೆ. ಬಾಗಿಲು ಹಾಕ್ಕೊಂಡಿರೋವೂ ಇವೆ.

ಮಷಿನ್ ತೆಗೆಯೋ ಹಕ್ಕಿನ ಬಗ್ಗೆ ನಾವು ಸಾಕಷ್ಟು ಚರ್ಚೆ ಮಾಡಿದ್ದೀವಿ. 2018ರಲ್ಲಿ ಸುಪ್ರೀಂ ಕೋರ್ಟು ಗೌರವದಿಂದ ಸಾಯೋ ಹಕ್ಕನ್ನು ಒಪ್ಪಿತು, ಮಾಪುಸ್ಕರ್ ಸಿನಿಮಾ ಕೂಡ ಅಲ್ಲೇ ಸುತ್ತುತ್ತೆ. ಹಾಕಿದ್ದಕ್ಕೂ ತೆಗೆದದ್ದಕ್ಕೂ ನಡುವಿನ ದಿನಗಳ ಬಗ್ಗೆ ಸಿನಿಮಾವೂ ಇಲ್ಲ, ಮಾತೂ ಇಲ್ಲ. ಆ ದಿನಗಳಲ್ಲೇ ನಿಮಗೆ ಊರಿಂದ ಫೋನ್ ಬರೋದು. ನೀವು ವೈಟ್‌ಫೀಲ್ಡಿನ ಮೀಟಿಂಗಿನಿಂದ ಎದ್ದು ಹೊರಗೆ ಬಂದು ಕೇಳೋದು ಎರಡೇ: ಆಕ್ಸಿಜನ್ ಎಷ್ಟಿದೆ, ಬಿಪಿ ಎಷ್ಟಿದೆ. ಇನ್ನೊಂದು ಕೇಳಿ. ‘ಡಾಕ್ಟರ್ರ, ಅವ್ವನ ಉಸಿರಿಗೂ ಮಷಿನ್ ಉಸಿರಿಗೂ ಹೊಂದಾಕತ್ತೈತೇನ್ರಿ? ಹೊಂದಿಲ್ಲಂದ್ರ ಮಷಿನ್ ಸೆಟ್ಟಿಂಗ್ ಬದಲ್ ಮಾಡಿ ನೋಡೀರೋ, ಬರೇ ನಿದ್ದಿ ಇಂಜೆಕ್ಷನ್ ಕೊಟ್ಟೀರೋ?’ ಜಗಳದ ದನಿಯಲ್ಲಿ ಬೇಡ. ಆ ಡಾಕ್ಟರೂ ನಿನ್ನೆ ರಾತ್ರಿಯಿಂದ ಕೂತಿಲ್ಲ. ಭೇಟಿಗೆ ಒಳಗೆ ಹೋಗೋ ತಮ್ಮನಿಗೂ ಹೇಳಿಡಿ: ಪರದೆಯ ಫೋಟೋ ತೆಗೆದು ಗ್ರೂಪಿಗೆ ಹಾಕೋ ಬದಲು ಒಂದು ನಿಮಿಷ ಅವ್ವನ ಎದೆ-ಹೊಟ್ಟೆ ನೋಡಿ ಎಣಿಸು. ಎಣಿಸಿದ್ದಕ್ಕೂ ಪರದೆಯ ಅಂಕಿಗೂ ತಾಳೆಯಾಗದಿದ್ರೆ ಸಿಸ್ಟರನ್ನ ಕರೆದು ತೋರಿಸು.